ದ್ವೀಪ ಬಿಟ್ಟು ಹೋಗದ ಗುಡುಗು

2024ರ ಜನವರಿ 24. ಇಟಲಿಯ ಸಾರ್ಡಿನಿಯಾ ದ್ವೀಪದ ರಾಜಧಾನಿ ಕಾಲ್ಯಾರಿ. ಸಮುದ್ರಕ್ಕೆ ಮುಖ ಮಾಡಿ ನಿಂತಿರುವ ಬೊನಾರಿಯಾ ಮಾತೆಯ ಇಗರ್ಜಿಯ ಎದುರು ಸಾವಿರಾರು ಜನ ಸೇರಿದ್ದರು. ನಾವಿಕರನ್ನು ಕಾಯುವವಳೆಂದು ಹೆಸರಾದ ಈ ಮಾತೆಯಿಂದಲೇ ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರಕ್ಕೆ ಆ ಹೆಸರು ಬಂದದ್ದು. ಅಂದು ಅಲ್ಲಿ ನಡೆದದ್ದು ಒಬ್ಬ ಫುಟ್‌ಬಾಲ್ ಆಟಗಾರನ ಅಂತ್ಯಸಂಸ್ಕಾರದ ಪ್ರಾರ್ಥನೆ. ಆತ ಕೊನೆಯ ಪಂದ್ಯ ಆಡಿ 48 ವರ್ಷಗಳಾಗಿದ್ದವು. ನೆರೆದವರಲ್ಲಿ ಬಹಳಷ್ಟು ಮಂದಿ ಆತನ ಆಟವನ್ನು ಕಣ್ಣಾರೆ ಕಂಡವರೇ ಅಲ್ಲ. ಇನ್ನೂ ಸೋಜಿಗವೆಂದರೆ, ಆತ ಆ ದ್ವೀಪದವನೂ ಅಲ್ಲ!

ಆತನ ಹೆಸರು ಲುಯಿಜಿ ರಿವಾ. ಇಟಲಿಯ ಜನರ ಬಾಯಲ್ಲಿ ಜಿಜಿ ರಿವಾ.

ಇಟಲಿಯ ಮುನ್ನಡೆ ಆಟಗಾರರೆಂದರೆ ನಮ್ಮ ಓದುಗರಿಗೆ ನೆನಪಾಗುವ ಹೆಸರುಗಳು ಬೇರೆ. 1982ರಲ್ಲಿ ಬ್ರೆಜಿಲ್ ವಿರುದ್ಧ 3 ಗೋಲು ಹೊಡೆದ ಪಾವ್ಲೊ ರೋಸಿ, 1990ರಲ್ಲಿ ಕಣ್ಣರಳಿಸಿಕೊಂಡು ಓಡಿದ ಸ್ಕಿಲಾಚಿ, 1994ರ ಫೈನಲ್‌ನಲ್ಲಿ ಪೆನಾಲ್ಟಿಯನ್ನು ಕಂಬದ ಮೇಲೆ ಹಾರಿಸಿ ತಲೆ ತಗ್ಗಿಸಿ ನಿಂತ ರಾಬರ್ಟೊ ಬಾಜಿಯೊ. ರಿವಾ ಆಡಿದ್ದು ನಮ್ಮ ಮನೆಗಳಿಗೆ ಟಿ.ವಿ. ಬರುವುದಕ್ಕೆ ಮೊದಲು. ಆದರೂ ಇಟಲಿಯ ಪರ ಅತಿ ಹೆಚ್ಚು ಗೋಲು ಹೊಡೆದವನು ಇಂದಿಗೂ ಆತನೇ: 42 ಪಂದ್ಯಗಳಲ್ಲಿ 35 ಗೋಲು. ಅದಕ್ಕೆ ಮೊದಲಿನ ದಾಖಲೆ ಜುಸೆಪ್ಪೆ ಮೆಯಾಜಾನದು, 33. ರಿವಾನ ನಂತರ ಬಂದ ಯಾರೂ 30ರ ಗಡಿಯನ್ನು ಮುಟ್ಟಲಿಲ್ಲ.

ಆದರೆ ಕಾಲ್ಯಾರಿಯ ಜನ ಅತ್ತದ್ದು ಈ 35 ಗೋಲುಗಳಿಗಾಗಿ ಅಲ್ಲ. ಆತ ಹೇಳಿದ ಒಂದು ‘ಇಲ್ಲ’ಕ್ಕಾಗಿ. ಆ ಮಾತಿನ ಬೆಲೆ ತಿಳಿಯಬೇಕಾದರೆ ಕಥೆಯನ್ನು ಮೊದಲಿನಿಂದ ಹೇಳಬೇಕು.

ತಬ್ಬಲಿ ಹುಡುಗ, ಶಿಕ್ಷೆಯ ದ್ವೀಪ

ರಿವಾ ಹುಟ್ಟಿದ್ದು 1944ರ ನವೆಂಬರ್ 7ರಂದು, ಲೆಜ್ಜೂನೊ ಎಂಬ ಊರಿನಲ್ಲಿ. ಅದು ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯದಲ್ಲಿ, ಮಜ್ಜೋರೆ ಸರೋವರದ ದಂಡೆಯಲ್ಲಿದೆ. ಸ್ವಿಟ್ಜರ್ಲೆಂಡ್ ಗಡಿ ದೂರವಿಲ್ಲ. ಹುಡುಗನಿಗೆ ಇನ್ನೂ 9 ತುಂಬದಿದ್ದಾಗ, 1953ರಲ್ಲಿ, ತಂದೆ ಕಾರ್ಖಾನೆಯ ಅಪಘಾತದಲ್ಲಿ ತೀರಿಕೊಂಡ. ತಾಯಿ ನೂಲಿನ ಗಿರಣಿಯಲ್ಲಿ ದುಡಿದಳು, ಉಳ್ಳವರ ಮನೆಗಳ ಕಸಮುಸುರೆ ಮಾಡಿದಳು. ಹುಡುಗನನ್ನು ಬಡ ಮಕ್ಕಳಿಗಾಗಿ ಪಾದ್ರಿಗಳು ನಡೆಸುತ್ತಿದ್ದ ವಸತಿ ಶಾಲೆಗೆ ಸೇರಿಸಬೇಕಾಯಿತು. ಅಲ್ಲಿಂದ ಓಡಿಹೋಗುವುದೇ ಆತನ ಕನಸಾಗಿತ್ತು. ಅಲ್ಲಿ ಉಂಡ ಅವಮಾನವನ್ನು ಆತ ಇಳಿವಯಸ್ಸಿನವರೆಗೂ ಮರೆಯಲಿಲ್ಲ. ಹರೆಯದಲ್ಲೇ ತಾಯಿಯೂ ಹೋದಳು. ಅಕ್ಕ ಸಾಕಿದಳು.

ಹೀಗೆ ಬೆಳೆದ ಹುಡುಗ ಮಾತು ಕಡಿಮೆ ಮಾಡಿದ. ಎಡಗಾಲು ಮಾತ್ರ ಮಾತಾಡುತ್ತಿತ್ತು. ಮೊದಲು ಊರ ಪಕ್ಕದ ಲಾವೆನೊ ತಂಡ. ಬಳಿಕ 1962ರಲ್ಲಿ ಮೂರನೇ ದರ್ಜೆಯ ಲೆನ್ಯಾನೊ ತಂಡ. ಒಂದೇ ವರ್ಷ. 1963ರಲ್ಲಿ ಲೆನ್ಯಾನೊ ಆತನನ್ನು 3 ಕೋಟಿ 70 ಲಕ್ಷ ಲೀರಾಗೆ ಕಾಲ್ಯಾರಿ ತಂಡಕ್ಕೆ ಮಾರಿತು.

‘ಮಾರಿತು’ ಎಂಬುದು ಬಾಯಿತಪ್ಪಿ ಬಂದ ಮಾತಲ್ಲ. ಅಂದಿನ ಇಟಲಿಯಲ್ಲಿ ವೃತ್ತಿಪರ ಆಟಗಾರ ಒಮ್ಮೆ ಸಹಿ ಹಾಕಿದರೆ ಕ್ಲಬ್ಬಿನ ಆಸ್ತಿ. ಕರಾರಿನ ಅವಧಿ ಮುಗಿದರೂ ಕ್ಲಬ್ಬು ಒಪ್ಪದೆ ಬೇರೆಡೆಗೆ ಹೋಗುವಂತಿಲ್ಲ. ಕ್ಲಬ್ಬು ಬೇರೆಡೆಗೆ ಕಳಿಸಿದರೆ ಸಾಮಾನ್ಯವಾಗಿ ಹೋಗದೆ ವಿಧಿಯಿಲ್ಲ. ‘ವಿಂಕೊಲೊ’, ಅಂದರೆ ಬಂಧನ, ಎಂದೇ ಈ ಪದ್ಧತಿಗೆ ಹೆಸರು. 1981ರಲ್ಲಿ ಹೊಸ ಕಾನೂನು ಬಂದ ಮೇಲಷ್ಟೇ ಇದು ಹಂತಹಂತವಾಗಿ ಕೊನೆಗೊಂಡಿತು. ಆ ಹುಡುಗನಿಗಾಗ 18 ವರ್ಷ. ಆತನಿಗೆ ಸಾರ್ಡಿನಿಯಾ ಬೇಡವಾಗಿತ್ತು.

ಬೇಡವಾಗಿದ್ದು ಆತನೊಬ್ಬನಿಗೇ ಅಲ್ಲ. ಆ ಕಾಲದಲ್ಲಿ ಇಟಲಿಯ ಸರ್ಕಾರಿ ನೌಕರನನ್ನೋ ಪೊಲೀಸನನ್ನೋ ಹೆದರಿಸಲು ‘ಸಾರ್ಡಿನಿಯಾಕ್ಕೆ ವರ್ಗ ಮಾಡುತ್ತೇವೆ’ ಎಂದರೆ ಸಾಕಿತ್ತು. ಆಸಿನಾರಾದಂಥ ಸೆರೆಮನೆ ದ್ವೀಪ ಇದ್ದದ್ದು ಅಲ್ಲೇ. ಮಲೇರಿಯಾ ಮನೆಮನೆಯ ಕಾಯಿಲೆಯಾಗಿತ್ತು. 1946ರಿಂದ 1950ರವರೆಗೆ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ದ್ವೀಪದ ಉದ್ದಗಲಕ್ಕೂ ಡಿ.ಡಿ.ಟಿ. ಸಿಂಪಡಿಸಿದ ಮೇಲೆ ಅದು ತೊಲಗಿತು. ನಡುನಾಡಿನ ಬಾರ್ಬಾಜಿಯಾ ಬೆಟ್ಟಗಳಲ್ಲಿ ಡಕಾಯಿತರು ಉಳ್ಳವರನ್ನು ಅಪಹರಿಸಿ ಒತ್ತೆಹಣ ಕೇಳುತ್ತಿದ್ದರು. ಸುಮಾರು 15 ಲಕ್ಷ ಜನರ ಆ ದ್ವೀಪದಿಂದ ದುಡಿಯುವ ಕೈಗಳೆಲ್ಲ ತೂರಿನ್, ಮಿಲಾನ್ ಕಾರ್ಖಾನೆಗಳಿಗೆ, ಜರ್ಮನಿಗೆ, ಬೆಲ್ಜಿಯಂ ಗಣಿಗಳಿಗೆ ಗುಳೆ ಹೋಗುತ್ತಿದ್ದವು.

ಒಂದು ವರ್ಷ ಕಳೆದು ಮರಳೋಣ ಎಂದುಕೊಂಡು ರಿವಾ ವಿಮಾನ ಇಳಿದ. ಮೊದಲ ವರ್ಷವೇ, 1964ರಲ್ಲಿ, ಕಾಲ್ಯಾರಿ ತಂಡ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ದೇಶದ ಅಗ್ರ ದರ್ಜೆಯಾದ ‘ಸೆರಿ ಎ’ಗೆ ಏರಿತು. ಒಂದು ವರ್ಷ ಎರಡಾಯಿತು, ಎರಡು ಮೂರಾಯಿತು. ಮನೆಯೇ ಇಲ್ಲದ ಹುಡುಗನನ್ನು ದ್ವೀಪದ ಜನ ಮನೆಗೆ ಕರೆದು ಉಣ್ಣಿಸಿದರು. ಮೀನುಗಾರರು, ಕುರಿಗಾಹಿಗಳು ಗೆಳೆಯರಾದರು. ಅವರೂ ತನ್ನಂತೆಯೇ ಕಡಿಮೆ ಮಾತಿನವರು ಎಂಬುದು ಆತನಿಗೆ ಹಿಡಿಸಿತ್ತು.

ಅಗುಳಿ ಮುರಿದ ಎಡಗಾಲು

1960ರ ದಶಕದ ಇಟಲಿಯ ಫುಟ್‌ಬಾಲ್ ಗೋಲು ಹೊಡೆಯುವುದಕ್ಕಿಂತ ಗೋಲು ತಡೆಯುವುದಕ್ಕೆ ಹೆಸರಾಗಿತ್ತು. ಆ ತಂತ್ರಕ್ಕೆ ‘ಕತೆನಾಚ್ಚೊ’ ಎಂಬ ಹೆಸರು. ಅಂದರೆ ಬಾಗಿಲಿಗೆ ಹಾಕುವ ಅಗುಳಿ. ಎದುರಾಳಿಯ ಪ್ರತಿ ಮುನ್ನಡೆ ಆಟಗಾರನಿಗೂ ನೆರಳಿನಂತೆ ಒಬ್ಬ ಕಾವಲುಗಾರ. ಅವರೆಲ್ಲರ ಹಿಂದೆ, ತಪ್ಪಿ ಬಂದ ಚೆಂಡನ್ನು ಗುಡಿಸಿ ಹಾಕಲು ಇನ್ನೊಬ್ಬ. ಇಂಥ ಕೋಟೆಯೆದುರು ವರ್ಷಕ್ಕೆ 10-12 ಗೋಲು ಹೊಡೆದವನೂ ಶೂರನೆನಿಸುತ್ತಿದ್ದ. 1966-67ರ ಋತುವಿನಲ್ಲಿ ರಿವಾ 18 ಗೋಲು ಹೊಡೆದು ದೇಶಕ್ಕೇ ಮೊದಲಿಗನಾದ. 1968-69ರಲ್ಲಿ ಮತ್ತೆ, 1969-70ರಲ್ಲಿ 21 ಗೋಲುಗಳೊಡನೆ ಮತ್ತೊಮ್ಮೆ.

ಆತನ ಅಂಗಿಯ ನಂಬರು 11. ಮೈದಾನದ ಎಡಭಾಗದಿಂದ ಹೊರಟು ಗೋಲಿನತ್ತ ನೇರ ನುಗ್ಗುವುದು ರೂಢಿ. ಬಲಗಾಲು ನಿಲ್ಲುವುದಕ್ಕಷ್ಟೇ ಎಂದು ನಗೆಯಾಡುತ್ತಿದ್ದರು. ಎಡಗಾಲಿನ ಹೊಡೆತವೋ, ಅದರ ಬಿರುಸು ಗೊತ್ತಿದ್ದವರಿಗೇ ಗೊತ್ತು. ಅಭ್ಯಾಸದ ವೇಳೆ ಆತ ಒದ್ದ ಚೆಂಡು ತಗುಲಿ ಗೋಲಿನ ಹಿಂದೆ ನಿಂತಿದ್ದ ಒಬ್ಬ ಬಾಲಕನ ಕೈಮೂಳೆ ಮುರಿದದ್ದುಂಟು. ತಲೆಯಿಂದ ಹೊಡೆಯುವುದರಲ್ಲೂ ಎತ್ತಿದ ಕೈ. 1970ರ ಜನವರಿಯಲ್ಲಿ ವಿಚೆಂಜಾ ಊರಿನ ಪಂದ್ಯದಲ್ಲಿ ಗೋಲಿಗೆ ಬೆನ್ನು ಮಾಡಿ, ಗಾಳಿಯಲ್ಲಿ ಮಲಗಿದವನಂತೆ ಹಾರಿ ಹಿಂದಕ್ಕೆ ಒದ್ದು ಗಳಿಸಿದ ಗೋಲಿನ ಚಿತ್ರವನ್ನು ಇಟಲಿಯ ಪತ್ರಿಕೆಗಳು ಇಂದಿಗೂ ಅಚ್ಚು ಹಾಕುತ್ತವೆ.

ಆ ದೇಶದಲ್ಲಿ ಫುಟ್‌ಬಾಲ್ ಬಗ್ಗೆ ಬರೆಯುವುದೆಂದರೆ ಬರೀ ವರದಿಗಾರರ ಕೆಲಸವಲ್ಲ. ಕವಿ, ಚಲನಚಿತ್ರ ನಿರ್ದೇಶಕ ಪಾಸೊಲಿನಿ 1971ರ ಒಂದು ಲೇಖನದಲ್ಲಿ ಆಟಗಾರರನ್ನು ಗದ್ಯದವರು, ಪದ್ಯದವರು ಎಂದು ವಿಂಗಡಿಸಿ ರಿವಾನನ್ನು ಕವಿಗಳ ಸಾಲಿಗೆ ಸೇರಿಸಿದ. ಅದೂ ಕಲ್ಪನೆಯ ಕವಿಯಲ್ಲ, ವಾಸ್ತವದ ಕವಿ! ಹೆಸರಾಂತ ಕ್ರೀಡಾ ಬರಹಗಾರ ಜಾನ್ನಿ ಬ್ರೇರಾ ಕೊಟ್ಟ ಬಿರುದು ಇನ್ನೂ ಗಟ್ಟಿಯಾಗಿ ನಿಂತಿತು. 1970ರ ಅಕ್ಟೋಬರ್‌ನಲ್ಲಿ ಮಿಲಾನಿನಲ್ಲೇ ಇಂಟರ್ ತಂಡವನ್ನು ಕಾಲ್ಯಾರಿ 3-1ರಿಂದ ಸೋಲಿಸಿದಾಗ ಬ್ರೇರಾ ರಿವಾನನ್ನು ‘ರೊಂಬೊ ದಿ ತುವೋನೊ’ ಎಂದು ಕರೆದ. ಗುಡುಗಿನ ಮೊರೆತ ಎಂದರ್ಥ.

1970ರ ಏಪ್ರಿಲ್ 12

ರಿವಾ ಒಬ್ಬನಿಂದಲೇ ಎಲ್ಲ ಆಗಲಿಲ್ಲ. ತರಬೇತುದಾರ ಮಾನ್ಲಿಯೊ ಸ್ಕೊಪಿನ್ಯೊಗೆ ‘ತತ್ವಜ್ಞಾನಿ’ ಎಂಬ ಅಡ್ಡಹೆಸರು. ಪಂದ್ಯದ ಹಿಂದಿನ ದಿನ ಆಟಗಾರರನ್ನು ಕೂಡಿಹಾಕಿ ಕಾಯುವುದು ಆತನಿಗೆ ಸೇರದು. ಒಮ್ಮೆ ರಾತ್ರಿ ಹೊತ್ತು ಆಟಗಾರರೆಲ್ಲ ಒಂದೇ ಕೋಣೆಯಲ್ಲಿ ಸೇರಿ ಇಸ್ಪೀಟು ಆಡುತ್ತ ಸಿಗರೇಟು ಸೇದುತ್ತಿದ್ದಾಗ ಸ್ಕೊಪಿನ್ಯೊ ಬಾಗಿಲು ತೆರೆದನಂತೆ. ಎಲ್ಲರ ಎದೆ ಧಸಕ್ಕೆಂದಿತು. ಆತ ಮಾತ್ರ, ನಾನೂ ಒಂದು ಸಿಗರೇಟು ಹಚ್ಚಿದರೆ ತೊಂದರೆಯಿಲ್ಲವಷ್ಟೆ ಎಂದು ಕೇಳಿ ಕುಳಿತನಂತೆ! ಆಟಗಾರರು ಮರ್ಯಾದೆಯಿಂದ ತಾವಾಗಿಯೇ ಮಲಗಲು ಹೋದರು ಎಂದು ಕಥೆ ಮುಗಿಯುತ್ತದೆ.

ಗೋಲಿನಲ್ಲಿ ಎನ್ರಿಕೊ ಆಲ್ಬೆರ್ತೋಸಿ, ರಕ್ಷಣೆಯಲ್ಲಿ ಚೇರಾ, ಆಗಾಗ ತನ್ನ ಗೋಲಿಗೇ ಚೆಂಡು ಹೊಡೆದು ಹೆಸರಾದ ನಿಕ್ಕೊಲಾಯ್, ನಡುವೆ ಬ್ರೆಜಿಲ್‌ನ ನೆನೆ ಮತ್ತು ಗ್ರೆಯಾತ್ತಿ. 1969ರಲ್ಲಿ ಬೊನಿನ್ಸೆನ್ಯನನ್ನು ಇಂಟರ್‌ಗೆ ಬಿಟ್ಟುಕೊಟ್ಟು ದೊಮೆಂಗಿನಿ, ಗೋರಿ ಇಬ್ಬರನ್ನೂ ಕಾಲ್ಯಾರಿ ಕರೆತಂದಿತ್ತು. ಆ ಋತುವಿನ 30 ಪಂದ್ಯಗಳಲ್ಲಿ ಅದು ಸೋತದ್ದು 2, ಎದುರಾಳಿಗೆ ಬಿಟ್ಟುಕೊಟ್ಟ ಗೋಲು ಬರೀ 11.

ಹೊರ ಊರಿನ ಪಂದ್ಯಗಳಲ್ಲಿ ಅವರನ್ನು ಎದುರುಗೊಳ್ಳುತ್ತಿದ್ದದ್ದು ‘ಕುರಿಗಾಹಿಗಳು, ಡಕಾಯಿತರು’ ಎಂಬ ಕೂಗು. ಆದರೆ ಅದೇ ಮೈದಾನಗಳ ಅಗ್ಗದ ಸಾಲುಗಳಲ್ಲಿ ಇನ್ನೊಂದು ಜನ ಕುಳಿತಿರುತ್ತಿತ್ತು. ತೂರಿನ್‌ನ ಕಾರು ಕಾರ್ಖಾನೆಯಲ್ಲಿ, ಮಿಲಾನಿನ ಕಟ್ಟಡಗಳಲ್ಲಿ ದುಡಿಯುತ್ತಿದ್ದ ಸಾರ್ಡಿನಿಯಾದ ವಲಸೆಗಾರರು. ವಾರವಿಡೀ ಅದೇ ಮೂದಲಿಕೆಯನ್ನು ನುಂಗಿದವರಿಗೆ ಭಾನುವಾರದ 90 ನಿಮಿಷ ತಲೆಯೆತ್ತಿ ಕೂರುವ ಹೊತ್ತು. ತಾನು ಯಾರಿಗಾಗಿ ಆಡುತ್ತಿದ್ದೇನೆಂದು ತನಗೆ ಅರಿವಾದದ್ದು ಅವರನ್ನು ನೋಡಿಯೇ ಎಂದು ರಿವಾ ನಂತರ ಹಲವು ಬಾರಿ ನೆನೆದಿದ್ದಾನೆ.

1970ರ ಏಪ್ರಿಲ್ 12ರಂದು ಕಾಲ್ಯಾರಿಯ ಆಮ್ಸಿಕೋರಾ ಮೈದಾನದಲ್ಲಿ ಬಾರಿ ತಂಡದ ವಿರುದ್ಧ ಪಂದ್ಯ. ಆಮ್ಸಿಕೋರಾ ಎಂದರೆ ಕ್ರಿ.ಪೂ. 215ರಲ್ಲಿ ರೋಮ್ ವಿರುದ್ಧ ದಂಗೆಯೆದ್ದು ಸೋತ ಸಾರ್ಡಿನಿಯಾದ ನಾಯಕ. ಅಂದು ಆತನ ಹೆಸರಿನ ಮೈದಾನದಲ್ಲಿ ದ್ವೀಪ ಗೆದ್ದಿತು. ಮೊದಲ ಗೋಲು ರಿವಾನದು, ನೆಲಮಟ್ಟಕ್ಕೆ ಬಾಗಿ ಹಾರಿ ತಲೆಯಿಂದ ಹೊಡೆದದ್ದು. ಎರಡನೆಯದು ಗೋರಿಯದು. ಇನ್ನೂ 2 ಪಂದ್ಯ ಬಾಕಿಯಿರುವಾಗಲೇ ಕಾಲ್ಯಾರಿ ಇಟಲಿಯ ಚಾಂಪಿಯನ್! ರೋಮ್‌ನಿಂದ ದಕ್ಷಿಣದ ಯಾವ ತಂಡವೂ, ಯಾವ ದ್ವೀಪದ ತಂಡವೂ ಅದುವರೆಗೆ ಈ ಪಟ್ಟ ಏರಿರಲಿಲ್ಲ. ಮರಡೋನನ ನೇಪಲ್ಸ್ ತಂಡ ಗೆದ್ದದ್ದು 17 ವರ್ಷ ತಡವಾಗಿ, 1987ರಲ್ಲಿ.

ದೇಶಕ್ಕೆ ಕೊಟ್ಟ ಎರಡು ಕಾಲು

ರಾಷ್ಟ್ರೀಯ ತಂಡದ ಅಂಗಿ ರಿವಾನಿಗೆ ಕೀರ್ತಿಯನ್ನೂ ಕೊಟ್ಟಿತು, ಮೂಳೆಯನ್ನೂ ಮುರಿಯಿತು. 1967ರ ಮಾರ್ಚ್‌ನಲ್ಲಿ ರೋಮ್‌ನಲ್ಲಿ ಪೋರ್ಚುಗಲ್ ಗೋಲ್‌ಕೀಪರನಿಗೆ ಡಿಕ್ಕಿಯಾಗಿ ಎಡಗಾಲು ಮುರಿಯಿತು. ಮರುವರ್ಷ ಚೇತರಿಸಿಕೊಂಡು ಬಂದವನು ಯುರೋಪ್ ಕಪ್ ಫೈನಲ್‌ನ ಮರುಪಂದ್ಯದಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಹೊಡೆದ. ಇಟಲಿ 2-0ರಿಂದ ಗೆದ್ದಿತು.

1970ರ ಮೆಕ್ಸಿಕೊ ವಿಶ್ವಕಪ್‌ಗೆ ಹೋದ ಇಟಲಿ ತಂಡದಲ್ಲಿ ಕಾಲ್ಯಾರಿಯ 6 ಆಟಗಾರರಿದ್ದರು. ಜೂನ್ 17ರಂದು ಪಶ್ಚಿಮ ಜರ್ಮನಿ ವಿರುದ್ಧದ ಸೆಮಿಫೈನಲ್ ಇಟಲಿಯ ಮನೆಮನೆಯ ನೆನಪು. ಹೆಚ್ಚುವರಿ ಅವಧಿಯಲ್ಲೇ 5 ಗೋಲುಗಳು ಬಿದ್ದ, 4-3ರಲ್ಲಿ ಮುಗಿದ ಆ ಪಂದ್ಯದಲ್ಲಿ ಇಟಲಿಯ ಮೂರನೇ ಗೋಲು ರಿವಾನ ಎಡಗಾಲಿನದು. ಫೈನಲ್‌ನಲ್ಲಿ ಪೆಲೆಯ ಬ್ರೆಜಿಲ್ ಎದುರು ಇಟಲಿ 1-4ರಿಂದ ಸೋತಿತು.

ಅದೇ ವರ್ಷದ ಅಕ್ಟೋಬರ್ 31. ಬ್ರೇರಾ ಬಿರುದು ಕೊಟ್ಟು ವಾರ ಕಳೆದಿರಲಿಲ್ಲ. ವಿಯೆನ್ನಾದಲ್ಲಿ ಆಸ್ಟ್ರಿಯಾ ವಿರುದ್ಧದ ಪಂದ್ಯದಲ್ಲಿ ಎದುರಾಳಿ ರಕ್ಷಣಾ ಆಟಗಾರ ಹಿಂದಿನಿಂದ ಕಾಲು ಹಾಕಿದ. ಈ ಬಾರಿ ಬಲಗಾಲು ಮುರಿಯಿತು. ಅದರೊಂದಿಗೆ ಕಾಲ್ಯಾರಿಯ ಕನಸೂ. ಚಾಂಪಿಯನ್ನರ ಯುರೋಪಿಯನ್ ಕಪ್‌ನಲ್ಲಿ ತವರಿನಲ್ಲಿ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು 2-1ರಿಂದ ಸೋಲಿಸಿದ್ದ ಕಾಲ್ಯಾರಿ, ಕೆಲವೇ ದಿನಗಳ ನಂತರ ರಿವಾನಿಲ್ಲದೆ ಮ್ಯಾಡ್ರಿಡ್‌ಗೆ ಹೋಗಿ 0-3ರಿಂದ ಸೋತು ಹೊರಬಿತ್ತು. ದೇಶಕ್ಕೆ ಎರಡೂ ಕಾಲು ಕೊಟ್ಟವನು ಎಂದು ಇಟಲಿಯಲ್ಲಿ ಆತನನ್ನು ಕುರಿತು ಹೇಳುವುದು ಉತ್ಪ್ರೇಕ್ಷೆಯಲ್ಲ.

ಕೋಟಿಗಳಿಗೆ ‘ಇಲ್ಲ’

ಶ್ರೀಮಂತ ಕ್ಲಬ್ಬುಗಳ ಕಣ್ಣು ಆತನ ಮೇಲೆ ಮೊದಲಿನಿಂದಲೂ ಇತ್ತು. ಅದರಲ್ಲೂ ತೂರಿನ್‌ನ ಯುವೆಂಟಸ್. ಅದು ಫಿಯಟ್ ಕಾರು ಕಂಪೆನಿಯ ಒಡೆಯರಾದ ಆನ್ಯೆಲ್ಲಿ ಕುಟುಂಬದ ತಂಡ. 1973ರಲ್ಲಿ ಅದು ಮುಂದಿಟ್ಟದ್ದು 100 ಕೋಟಿ ಲೀರಾಗೂ ಮಿಕ್ಕಿದ ಹಣ, ಜೊತೆಗೆ ಹಲವು ಆಟಗಾರರು ಎಂದು ಪತ್ರಿಕೆಗಳು ಬರೆದವು. ಕಾಲ್ಯಾರಿಯ ಆಡಳಿತಗಾರರಿಗೆ ಹಣ ಬೇಕಿತ್ತು. ಅವರು ಒಪ್ಪಿದರು. ಪದ್ಧತಿಯ ಪ್ರಕಾರ ಮಾತುಕತೆ ಅಲ್ಲಿಗೆ ಮುಗಿಯಬೇಕು.

ರಿವಾ ಒಪ್ಪಲಿಲ್ಲ.

ಹತ್ತು ವರ್ಷದ ಹಿಂದೆ ಕೇಳುವವರಿಲ್ಲದೆ ಮಾರಾಟವಾಗಿದ್ದ ಹುಡುಗ ಈಗ ಮಾರಾಟವಾಗಲಾರೆ ಎಂದ. ಅಲ್ಲಿ ಸಂಬಳ ಹಲವು ಪಟ್ಟು ಹೆಚ್ಚು. 1972ರಿಂದ 1978ರವರೆಗಿನ ಏಳು ವರ್ಷಗಳಲ್ಲಿ ಯುವೆಂಟಸ್ ಐದು ಬಾರಿ ಚಾಂಪಿಯನ್ ಆಯಿತು. ಹೋಗಿದ್ದರೆ ರಿವಾನ ಬೀರುವಿನಲ್ಲಿ ಪದಕಗಳ ಸಾಲೇ ಇರುತ್ತಿತ್ತು. ಯುರೋಪಿನ ವರ್ಷದ ಆಟಗಾರ ಪ್ರಶಸ್ತಿಯಲ್ಲಿ 1969ರಲ್ಲಿ ಆತ ಜಾನ್ನಿ ರಿವೇರಾಗಿಂತ ಬರೀ 4 ಮತ ಹಿಂದೆ ಬಿದ್ದು ಎರಡನೆಯವನಾಗಿದ್ದ. ದೊಡ್ಡ ತಂಡದಲ್ಲಿದ್ದಿದ್ದರೆ ಅದೂ ದಕ್ಕುತ್ತಿತ್ತೋ ಏನೋ. ಏಕೆ ಹೋಗಲಿಲ್ಲ ಎಂದು ಕೇಳಿದಾಗಲೆಲ್ಲ ಆತನ ಉತ್ತರದ ಸಾರ ಒಂದೇ: ತಬ್ಬಲಿಯಾಗಿ ಬಂದ ತನ್ನನ್ನು ಈ ನೆಲ ಮನುಷ್ಯನನ್ನಾಗಿ ಮಾಡಿತು, ಇದನ್ನು ಬಿಟ್ಟು ಹೋಗುವುದು ತನ್ನಿಂದಾಗದು.

ಆ ಮಾತಿಗೆ ಸಾರ್ಡಿನಿಯಾದಲ್ಲಿ ಏಕೆ ಅಷ್ಟೊಂದು ತೂಕ ಬಂತು? ದುಡಿಯಬಲ್ಲ ಪ್ರತಿಯೊಬ್ಬನೂ ಉತ್ತರಕ್ಕೆ ಹಡಗು ಹತ್ತುತ್ತಿದ್ದ ಕಾಲವದು. ಉತ್ತರದಿಂದ ಬಂದವನೊಬ್ಬ, ಅದೂ ಉತ್ತರವೇ ಕೈಮುಗಿದು ಕರೆಯುತ್ತಿರುವಾಗ, ಇಲ್ಲೇ ಇರುತ್ತೇನೆ ಎಂದದ್ದು ಅವರು ಕೇಳಿದ ಮೊದಲ ಮಾತಾಗಿತ್ತು. ಮನೆಮನೆಗಳ ಗೋಡೆಯಲ್ಲಿ ತೀರಿಹೋದ ಹಿರಿಯರ, ಸಂತರ ಪಟಗಳ ಸಾಲಿನಲ್ಲಿ ಆತನ ಚಿತ್ರವೂ ಬಂದು ಕೂತಿತು. ಪೊಲೀಸರಿಗೆ ಬೇಕಾಗಿದ್ದ ಡಕಾಯಿತ ಗ್ರಾತ್ಸಿಯಾನೊ ಮೆಸಿನಾ ಕೂಡ ವೇಷ ಮರೆಸಿಕೊಂಡು ಮೈದಾನಕ್ಕೆ ಬಂದು ಕಾಲ್ಯಾರಿಯ ಪಂದ್ಯ ನೋಡುತ್ತಿದ್ದನೆಂದು ಕಥೆಯಿದೆ.

ಉಳಿದದ್ದೇನು?

ನಿಷ್ಠೆಯ ಕಥೆಗಳು ಸುಖಾಂತವಾಗಿಯೇ ಮುಗಿಯಬೇಕೆಂದಿಲ್ಲ. 1974ರ ವಿಶ್ವಕಪ್‌ನಲ್ಲಿ ಇಟಲಿ ಮೊದಲ ಸುತ್ತಿನಲ್ಲೇ ಹೊರಬಿತ್ತು. ರಿವಾ ಮತ್ತೆ ದೇಶದ ಅಂಗಿ ತೊಡಲಿಲ್ಲ. 1976ರ ಫೆಬ್ರುವರಿ 1ರಂದು ತವರಿನಲ್ಲಿ ಮಿಲಾನ್ ವಿರುದ್ಧ ಆಡುವಾಗ ಬಲತೊಡೆಯ ಸ್ನಾಯು ಹರಿಯಿತು. ವಯಸ್ಸು 31. ಆಟ ಅಲ್ಲಿಗೆ ಮುಗಿಯಿತು. ಆತನಿಲ್ಲದ ಕಾಲ್ಯಾರಿ ಅದೇ ವರ್ಷ ಎರಡನೇ ದರ್ಜೆಗೆ ಇಳಿಯಿತು. ಕಾಲ್ಯಾರಿ ಪರ ಲೀಗ್ ಪಂದ್ಯಗಳಲ್ಲಿ ಆತನ ಗೋಲುಗಳು 164, ಅದರಲ್ಲಿ 156 ಅಗ್ರ ದರ್ಜೆಯಲ್ಲೇ ಗಳಿಸಿದ್ದು. ಆ ತಂಡ ಮತ್ತೆಂದೂ ಚಾಂಪಿಯನ್ ಆಗಿಲ್ಲ.

ದ್ವೀಪದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. 1962ರಲ್ಲಿ ರೋಮ್ ಸರ್ಕಾರ ಸಾರ್ಡಿನಿಯಾಕ್ಕಾಗಿ ‘ಪುನರುಜ್ಜೀವನ ಯೋಜನೆ’ಯ ಕಾನೂನು ತಂದಿತು. ಸಾರ್ರೊಕ್‌ನಲ್ಲಿ ಮೊರಾತ್ತಿಯವರ ತೈಲ ಶುದ್ಧೀಕರಣ ಘಟಕ, ಪೋರ್ತೊ ತೊರ್ರೆಸ್‌ನಲ್ಲಿ ರೊವೆಲ್ಲಿಯವರ ರಾಸಾಯನಿಕ ಕಾರ್ಖಾನೆ ಎದ್ದವು. ಆ ಹಣದ ಒಂದು ತೊರೆ ಫುಟ್‌ಬಾಲ್ ತಂಡದ ಕಡೆಗೂ ಹರಿಯಿತು. ಈಶಾನ್ಯದ ಕಡಲತೀರದಲ್ಲಿ ಆಗಾ ಖಾನರು ಸಿರಿವಂತರ ವಿಹಾರಧಾಮ ಕಟ್ಟಿದರು. ಆದರೆ 1970ರ ದಶಕದ ತೈಲ ಬಿಕ್ಕಟ್ಟಿನ ನಂತರ ರೊವೆಲ್ಲಿಯವರ ಉದ್ಯಮ ಕುಸಿಯಿತು. ಕುರಿಗಾಹಿಗಳ ಮಕ್ಕಳು ಕಾರ್ಖಾನೆಯ ಕೆಲಸಗಾರರಾದರು, ಆಮೇಲೆ ಮತ್ತೆ ಹಡಗು ಹತ್ತಿದರು. ಅಪಹರಣಗಳೂ ನಿಲ್ಲಲಿಲ್ಲ. 1969ರಲ್ಲಿ ರಿವಾನಿಂದ 11 ನಂಬರಿನ ಅಂಗಿ ಪಡೆದು ಬದಲಿಗೆ ತನ್ನ ಗಿಟಾರ್ ಕೊಟ್ಟಿದ್ದ ಗಾಯಕ ಫಾಬ್ರಿತ್ಸಿಯೊ ದೆ ಆಂದ್ರೆ ಮುಂದೆ ಸಾರ್ಡಿನಿಯಾದಲ್ಲೇ ನೆಲೆಸಿದ. 1979ರಲ್ಲಿ ಆತನನ್ನೇ ಡಕಾಯಿತರು ಹೊತ್ತೊಯ್ದು ನಾಲ್ಕು ತಿಂಗಳು ಒತ್ತೆ ಇಟ್ಟುಕೊಂಡರು. ಆತ ಕೂಡ ದ್ವೀಪವನ್ನು ಬಿಡಲಿಲ್ಲ ಎಂಬುದು ಬೇರೆ ಮಾತು.

ಒಂದು ಗೆಲುವಿನಿಂದ ಬಡತನ ಹೋಗುವುದಿಲ್ಲ, ಒಬ್ಬ ಉಳಿದರೆ ವಲಸೆ ನಿಲ್ಲುವುದಿಲ್ಲ. ಇದು ರಿವಾನಿಗೂ ಗೊತ್ತಿತ್ತು. ಆತ ತನ್ನಿಂದಾದದ್ದನ್ನು ಮಾಡಿದ. 1976ರಲ್ಲಿ ಕಾಲ್ಯಾರಿಯಲ್ಲಿ ಮಕ್ಕಳಿಗಾಗಿ ಫುಟ್‌ಬಾಲ್ ಶಾಲೆ ತೆರೆದ. ಕೆಲಕಾಲ ಕ್ಲಬ್ಬಿನ ಅಧ್ಯಕ್ಷನಾದ. ಆಮೇಲೆ 2013ರವರೆಗೆ ಎರಡು ದಶಕಕ್ಕೂ ಹೆಚ್ಚು ಕಾಲ ರಾಷ್ಟ್ರೀಯ ತಂಡದ ಜೊತೆ ಅಧಿಕಾರಿಯಾಗಿ ಊರೂರು ತಿರುಗಿದ. 1994ರ ವಿಶ್ವಕಪ್ ಸೆಮಿಫೈನಲ್ ನೋಡಿದವರಿಗೆ ನೆನಪಿರಬಹುದು: ಬಲ್ಗೇರಿಯಾ ವಿರುದ್ಧ 2 ಗೋಲು ಹೊಡೆದು, ಸ್ನಾಯು ನೋವಿನಿಂದ ಹೊರಬಂದ ಬಾಜಿಯೊ ಪಂದ್ಯ ಮುಗಿದಾಗ ಒಬ್ಬ ಹಿರಿಯನನ್ನು ತಬ್ಬಿಕೊಂಡು ಅತ್ತ. ಆ ಹಿರಿಯ ಬೇರಾರೂ ಅಲ್ಲ, ರಿವಾ. ಮುರಿದ ಕಾಲಿನ ನೋವು ತಿಳಿದವರು ಆ ತಂಡದಲ್ಲಿ ಆತನಿಗಿಂತ ಯಾರಿದ್ದರು?

2005ರ ಫೆಬ್ರುವರಿಯಲ್ಲಿ ಕಾಲ್ಯಾರಿ ಕ್ಲಬ್ಬು 11 ನಂಬರಿನ ಅಂಗಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಸಾರಿತು. ಚಾಂಪಿಯನ್ ಪಟ್ಟ ಕಂಡ ಆಮ್ಸಿಕೋರಾ ಮೈದಾನದಲ್ಲಿ ಈಗ ಹಾಕಿ ಆಡುತ್ತಾರೆ. ಒಂದು ವರ್ಷ ಇದ್ದು ಮರಳೋಣವೆಂದು ಬಂದವನು 60 ವರ್ಷ ಅಲ್ಲೇ ಇದ್ದು, 2024ರ ಜನವರಿ 22ರಂದು, 79ನೇ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಕಣ್ಣು ಮುಚ್ಚಿದ. ಎರಡು ದಿನ ಬಿಟ್ಟು ಬೊನಾರಿಯಾ ಮಾತೆಯ ಇಗರ್ಜಿಯ ಮೆಟ್ಟಿಲುಗಳ ಕೆಳಗೆ ನಿಂತ ಆ ಜನಸಮೂಹ ಬೀಳ್ಕೊಟ್ಟದ್ದು ತಮ್ಮೂರಿನವನನ್ನೇ.